ಮುನ್ನೂರಾ ಎಂಟರ ಗಂಟು

ಇವತ್ತು ಹನ್ನೊಂದೂವರೆಗೆ ಮುನ್ನೂರಾ ಎಂಟು ಬರುತ್ತಾನೆ, ಅದೇ ಹೊತ್ತಿಗೆ ಐನೂರಾ ಎಪ್ಪತ್ತೊಂದೂ ಬರುತ್ತಾಳೆ ಎಂದು ಯಜಮಾನರು ಕಿಂಡಿಯಲ್ಲಿ ಮುಖ ತೂರಿಸಿ ಹೇಳಿ ಹೋದದ್ದೇ ತಡ, ಶಾಯಕ್ಕನ ಕೈ ಹಿಡಿತಕ್ಕೆ ಸಿಗದಾಯಿತು. ಬರೆಯುತ್ತಿದ್ದದ್ದು ಯಾವುದೋ ಹೊಸ ಗಿರಾಕಿಯ ಅಂಗಿಯ ಕಾಲರಿನ ಒಳಬದಿಯಲ್ಲಿ. ಆರು ಎನ್ನುವ ಅಂಕಿಯ ಹೊಟ್ಟೆಯೊಳಗೆ ಶಾಯಿ ತುಂಬಿಕೊಂಡು ಮಸಿಯುಂಡೆಯಾಯಿತು. ಒಗೆದರೂ ಹೋಗದ ಶಾಯಿ ಅದು. ಹತ್ತೊಂಬತ್ತು ವರ್ಷದಿಂದ ಅವಳ ತೋರುಬೆರಳನ್ನೂ ಬಿಟ್ಟು ಹೋಗಿಲ್ಲ, ಅಪ್ಪ ಅಮ್ಮ ಇಟ್ಟ ಹೆಸರನ್ನು ಮೂಲೆಗೆ ತಳ್ಳಿ ಶಾಯಕ್ಕ ಎಂಬ ಹೆಸರನ್ನು ಉಳಿಸಿದ್ದೂ ಅದೇ ಶಾಯಿ. ಗಡಿಯಾರ ನೋಡಿದಳು, ಹತ್ತು ಗಂಟೆ. ಇನ್ನೂ ಒಂದೂವರೆ ಗಂಟೆ! ಎದೆ ಡವಗುಟ್ಟುವುದು ಭಯಕ್ಕೋ ಖುಷಿಗೋ? ಭಯವೇ ಆಗಬೇಕಿತ್ತು, ಮಾಡಿದ ಕೆಲಸಕ್ಕೆ. ಆದರೆ ಮದುವೆಮನೆಗೆ ಹೊರಟ ಹುಡುಗಿಯ ಹಾಗೆ ಅವಳ ಪಾದ ಮೇಜಿನ ಕೆಳಗೆ ತಾಳ ಹಾಕುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿರಲಿಲ್ಲ.

ಲಾಂಡ್ರಿಯ ಮುಂದೆ ಕೌಂಟರು, ಹಿಂದೆ ಕೆಲಸದವರ ಕೋಣೆ, ನಡುವೆ ಮರದ ಗೋಡೆ. ಗೋಡೆಯಲ್ಲಿ ಮೊಳದಗಲದ ಒಂದು ಕಿಂಡಿ, ಕಿಂಡಿಯ ಕೆಳಗೆ ಚಿಲಕ ಹಾಕಿದ ಗಿಡ್ಡ ಬಾಗಿಲು. ಹೆಸರು, ವಿಳಾಸ, ಮುಖ ಎಲ್ಲ ಕೌಂಟರಿನ ಆಚೆಗೇ ಉಳಿಯುತ್ತವೆ. ಕಿಂಡಿ ದಾಟಿ ಒಳಗೆ ಬರುವುದು ಗಂಟು ಮತ್ತು ನಂಬರು, ಇಷ್ಟೇ. ಯಜಮಾನರ ಅಪ್ಪನ ಕಾಲದಿಂದ ಬಂದ ಕಟ್ಟಳೆ ಅದು, ಹಿಂದಿನವರು ಮುಂದೆ ಕಾಣಿಸಿಕೊಳ್ಳಬಾರದು. "ತನ್ನ ಕೊಳೆ ನೋಡಿದೋರು ಎದುರಿಗೇ ನಿಂತ್ರೆ ಗಿರಾಕಿ ಮತ್ತೆ ಬರ್ತಾನಾ?" ಎನ್ನುತ್ತಿದ್ದರು ಆ ಹಿರಿಯರು. ಅವರ ಎರಡನೆಯ ಕಟ್ಟಳೆ ಇನ್ನೂ ಬಿಗಿ: ಒಂದು ಗಂಟಿನ ಬಟ್ಟೆ ಇನ್ನೊಂದು ಗಂಟಿಗೆ ಹೋದರೆ, ಗಂಟು ಕಟ್ಟಿದವರು ಮನೆಗೆ. ಒಂದೇ ಒಂದು ಕಾಲುಚೀಲಕ್ಕಾಗಿ ಹಿಂದೊಬ್ಬಳು ಹೋಗಿದ್ದಳು. ಹೀಗಾಗಿ ಶಾಯಕ್ಕ ಹಿತ್ತಲ ಓಣಿಯಿಂದ ಬಂದು ಹಿತ್ತಲ ಓಣಿಯಿಂದಲೇ ಹೋಗುತ್ತಾಳೆ. ಎಂಟುನೂರು ಜನರ ಬೆವರು, ಸಾರಿನ ಕಲೆ, ಜೇಬಿನ ಚೀಟಿ, ಅತ್ತು ಒದ್ದೆ ಮಾಡಿದ ಕರವಸ್ತ್ರ ಎಲ್ಲವೂ ಗೊತ್ತು. ಒಬ್ಬರ ಮೂಗು ಎಷ್ಟು ಉದ್ದ ಎಂಬುದು ಗೊತ್ತಿಲ್ಲ.

ಗೊತ್ತಿಲ್ಲದ್ದನ್ನೆಲ್ಲ ಅವಳು ತಾನೇ ತುಂಬಿಕೊಂಡಳು. ಮೊದಮೊದಲು ಮನಸ್ಸಿನಲ್ಲೇ. ನೂರಾ ಹದಿನಾಲ್ಕರ ಅಂಗಿಯ ಭುಜದ ಮೇಲೆ ಹಾಲಿನ ಕಲೆ ಬಂದ ವಾರ, "ನೂರಾ ಹದಿನಾಲ್ಕು ಅಪ್ಪ ಆದ" ಎಂದು ಬಾಯಿ ತಪ್ಪಿ ಜೋರಾಗಿ ಹೇಳಿಬಿಟ್ಟಳು. ಇಸ್ತ್ರಿ ಮಾಮ ಪೆಟ್ಟಿಗೆ ಎತ್ತಿ ಹಿಡಿದವನು ಹಾಗೇ ನಿಂತ. "ಹೆಣ್ಣೋ ಗಂಡೋ?" ಎಂದು ಕೇಳಿದ. ಅವತ್ತಿನಿಂದ ಊಟದ ಅರ್ಧ ಗಂಟೆ ಶಾಯಕ್ಕನದಾಯಿತು. ಮನೆಯಲ್ಲಿ ತಮ್ಮನ ಹೆಂಡತಿ ಇವಳು ಮಾತು ಶುರು ಮಾಡಿದ ಕೂಡಲೇ ಪಾತ್ರೆ ತೊಳೆಯುವುದಕ್ಕೆ ಏಳುತ್ತಾಳೆ, ತಮ್ಮ ಹೂಂ ಎನ್ನುತ್ತ ಬೇರೆಲ್ಲೋ ನೋಡುತ್ತಿರುತ್ತಾನೆ. ಒಮ್ಮೆ ಜ್ವರ ಬಂದು ಎರಡು ದಿನ ಮಲಗಿದ್ದು ಮೂರನೇ ದಿನ ಎದ್ದು ಬಂದಾಗ ಆ ಹೆಣ್ಣುಮಗಳು, "ಅಯ್ಯೋ, ನೀವು ಮನೇಲೇ ಇದ್ರಾ?" ಎಂದಿದ್ದಳು. ಕೆಟ್ಟವಳಲ್ಲ ಪಾಪ, ನಿಜವಾಗಿಯೂ ಗಮನಿಸಿರಲಿಲ್ಲ. ಅದೇ ಹೆಚ್ಚು ಉರಿಯಿತು. ಇಲ್ಲಿ, ಈ ಹಬೆ ತುಂಬಿದ ಕೋಣೆಯಲ್ಲಿ, ಡಬ್ಬಿಯ ಮುಚ್ಚಳ ತೆಗೆದವರು ತುತ್ತನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದರು. ಅದರಲ್ಲೂ ಮಡಿಸುವ ಹುಡುಗಿ. ಒಗೆದು ಇಸ್ತ್ರಿಯಾದ ಬಟ್ಟೆಯನ್ನು ನಂಬರು ನೋಡಿ ಮಡಿಸಿ, ಗೂಡಿನಲ್ಲಿಟ್ಟು, ಗಂಟು ಕಟ್ಟುವವಳು ಅವಳು. ಶಾಯಕ್ಕ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಸಾಕು, "ಆಮೇಲೆ?" ಎನ್ನುತ್ತಾಳೆ. ಆ ಒಂದು "ಆಮೇಲೆ"ಗಾಗಿ ಶಾಯಕ್ಕ ಭಾನುವಾರ ಕಳೆಯುವುದನ್ನೇ ಕಾಯುತ್ತಿದ್ದಳು.

ಎಲ್ಲರಿಗಿಂತ ಮುದ್ದಿನವನು ಮುನ್ನೂರಾ ಎಂಟು. ಪ್ಯಾಂಟಿನ ಉದ್ದ ನೋಡಿದರೆ ಆಳು ಎತ್ತರ. ಕೋಟಿನ ಬೆನ್ನು ಸವೆದಿರುವ ರೀತಿಯಲ್ಲಿ ತುಸು ಗೂನು. ಎಡಗಡೆ ಜೇಬಿನಲ್ಲಿ ಸೀಮೆಸುಣ್ಣದ ಪುಡಿ, ಆದ್ದರಿಂದ ಎಡಗೈಯವನು, ಗಣಿತದ ಮೇಷ್ಟ್ರು. ಅಂಗಿಯ ಎದೆಯ ಮೇಲೆ ಆಗಾಗ ಗುಂಡುಸೂಜಿ ಸಿಗುತ್ತಿತ್ತು. ಗುಂಡಿ ಹೊಲಿದು ಕೊಡುವವರಿಲ್ಲದೆ ಸೂಜಿ ಚುಚ್ಚಿಕೊಂಡು ಪಾಠಕ್ಕೆ ಹೋಗುವ ಒಂಟಿ ಗಂಡಸು ಎಂದು ಅವಳು ಹೇಳಿದ ದಿನ ಇಸ್ತ್ರಿ ಮಾಮ ಕೂಡ ಮೂಗೆಳೆದುಕೊಂಡಿದ್ದ. ಐನೂರಾ ಎಪ್ಪತ್ತೊಂದರ ಕಥೆ ಬೇರೆ. ಅವಳ ಸ್ವೆಟರುಗಳೆಲ್ಲ ಎಡ ಭುಜದಲ್ಲಿ ಸವೆದಿರುತ್ತಿದ್ದವು, ಯಾವುದೋ ತಂತಿವಾದ್ಯವನ್ನು ಒರಗಿಸಿಕೊಂಡು ನುಡಿಸುತ್ತಾಳೆ, ಸಂಶಯವೇ ಇಲ್ಲ. ಜೇಬು ತಡಕಿದರೆ ಹನ್ನೆರಡನೇ ನಂಬರ್ ಬಸ್ಸಿನ ಟಿಕೆಟ್ಟು, ಒಂದಲ್ಲ, ಹರಿದವು ಮುದುಡಿದವು ಸೇರಿ ಹಿಡಿಯಷ್ಟು! ಒಬ್ಬ ಹೆಂಗಸು ಒಂದೇ ಬಸ್ಸಿನಲ್ಲಿ ಆ ತುದಿಯಿಂದ ಈ ತುದಿಗೆ ಇಷ್ಟು ಸಲ ಯಾಕೆ ಓಡಾಡಬೇಕು? ಯಾರನ್ನೋ ಹುಡುಕುವುದಕ್ಕೆ. ಯಾರನ್ನು? ಮುನ್ನೂರಾ ಎಂಟರ ಜೇಬಿನಲ್ಲೂ ಅದೇ ಹನ್ನೆರಡರ ಟಿಕೆಟ್ಟು ಸಿಕ್ಕ ಮಧ್ಯಾಹ್ನ ಮಡಿಸುವ ಹುಡುಗಿ ಕಿಟಾರನೆ ಕಿರುಚಿ, ಯಜಮಾನರು ಕಿಂಡಿಯಲ್ಲಿ ಇಣುಕಿ, ಎಲ್ಲರೂ ಬೈಸಿಕೊಂಡಿದ್ದರು.

ಎರಡು ವರ್ಷದಿಂದ ಕಥೆಯಲ್ಲಿ ಅವರಿಬ್ಬರನ್ನು ಒಂದೇ ಬಸ್ಸಿನಲ್ಲಿ ಕೂರಿಸಿ ಒಬ್ಬರಿಗೊಬ್ಬರು ಕಾಣದ ಹಾಗೆ ಶಾಯಕ್ಕ ತಪ್ಪಿಸುತ್ತ ಬಂದಳು. ಅವನು ಮುಂದಿನ ಬಾಗಿಲಲ್ಲಿ ಹತ್ತಿದರೆ ಇವಳು ಹಿಂದಿನ ಬಾಗಿಲಲ್ಲಿ ಇಳಿದಳು. "ಎಷ್ಟು ದಿನ ಹೀಗೆ ಗೋಳಾಡಿಸ್ತೀಯ?" ಎಂದು ಮಾಮ ಗದರಿದರೂ ಅವಳಿಗೆ ಅವರನ್ನು ಭೇಟಿ ಮಾಡಿಸುವ ಮನಸ್ಸು ಬರಲಿಲ್ಲ. ಯಾಕೆ ಬರಲಿಲ್ಲ ಎಂಬ ಕಡೆಗೆ ಅವಳು ತಿರುಗಿಯೂ ನೋಡಿರಲಿಲ್ಲ. ಕಾಲರಿನ ನಂಬರು ಮಾಸಿದಾಗ ಮತ್ತೆ ತಿದ್ದಬೇಕು. ಮುನ್ನೂರಾ ಎಂಟರದ್ದು ತಿದ್ದುವಾಗ ನಿಬ್ಬನ್ನು ಹಗುರ ಹಿಡಿಯುತ್ತಿದ್ದಳು, ಶಾಯಿ ಗಟ್ಟಿಯಾಗಿ ಕೂತರೆ ಕತ್ತಿಗೆ ಚುಚ್ಚೀತು ಅಂತ. ಅಷ್ಟೇ. ಅದರಲ್ಲೇನು ಬಂತು! ಈಗ ಮಡಿಸುವ ಹುಡುಗಿ ಎಂಟು ತಿಂಗಳ ಬಸುರಿ. ಇವತ್ತು ಶನಿವಾರ, ಅವಳ ಕೊನೆಯ ದಿನ, ನಾಳೆ ತವರಿಗೆ. ಹೋದ ವಾರ ಅವಳು ಶಾಯಕ್ಕನ ಮೊಣಕೈ ಹಿಡಿದು, "ನಾನು ಹೋಗೋದ್ರೊಳಗೆ ಅವರಿಬ್ರನ್ನೂ ಒಂದು ಮಾಡಕ್ಕ. ಇಲ್ದಿದ್ರೆ ಹೆರಿಗೆ ಕೋಣೇಲೂ ನಂಗದೇ ಯೋಚನೆ," ಎಂದಳು. ಅಷ್ಟು ದೊಡ್ಡ ಹೊಟ್ಟೆ ಹೊತ್ತು, ಅಷ್ಟು ಚಿಕ್ಕ ಮಗುವಿನ ದನಿಯಲ್ಲಿ. ಸರಿ, ಹೇಳಿಬಿಟ್ಟರಾಯಿತು, ಬಸ್ಸು ಗಕ್ಕನೆ ನಿಂತಿತು, ಇವಳು ಮುಗ್ಗರಿಸಿದಳು, ಅವನು ಹಿಡಿದುಕೊಂಡ ಎಂದು ಮುಗಿಸಿದರಾಯಿತು ಎಂದುಕೊಂಡರೆ ಬಾಯಿಯೇ ಬರಲೊಲ್ಲದು. ಹೇಳಿದರೆ ಅದು ತನ್ನ ಬಾಯಿಮಾತು. ನಿಜವಾಗಿ ಆಗಿಬಿಟ್ಟರೆ?

ಹೋದ ಸೋಮವಾರ ಮಡಿಸುವ ಹುಡುಗಿ ಕಾಲು ಚಾಚಿ ಕೂರಲು ಹಿತ್ತಲಿಗೆ ಹೋಗಿದ್ದಳು. ಮುನ್ನೂರಾ ಎಂಟರ ಗಂಟು ಕಾಗದದಲ್ಲಿ ಅರ್ಧ ಸುತ್ತಿಟ್ಟಿತ್ತು. ಐನೂರಾ ಎಪ್ಪತ್ತೊಂದರ ಗೂಡಿನಲ್ಲಿ ನೀಲಿ ಉಣ್ಣೆಯ ಮಫ್ಲರು, ತುದಿಗೆ ಶಾಯಕ್ಕನೇ ಬರೆದು ಹೊಲಿದ ನಂಬರಿನ ಪಟ್ಟಿ. ಅವಳು ಎದ್ದದ್ದು ನೆನಪಿದೆ, ಕೂತದ್ದು ನೆನಪಿದೆ. ನಡುವೆ ಕೈ ಮಾಡಿದ ಕೆಲಸ ಮಾತ್ರ ಬೇರೆ ಯಾರೋ ಮಾಡಿದಂತೆ. ಮೂರನೇ ಅಂಗಿಗೂ ನಾಲ್ಕನೇ ಅಂಗಿಗೂ ನಡುವೆ ಮಫ್ಲರು ಮೆತ್ತಗೆ ಸೇರಿಕೊಂಡಿತು. ಹುಡುಗಿ ಬಂದು, ಸೊಂಟ ಹಿಡಿದುಕೊಂಡು, ದಾರ ಕಟ್ಟಿ, ಗಂಟನ್ನು ಕಿಂಡಿಗೆ ದಾಟಿಸಿದಳು. ಶಾಯಕ್ಕನಿಗೆ ಆ ರಾತ್ರಿ ಜ್ವರ ಬಂದವರ ಹಾಗೆ ಮೈ ಬಿಸಿ. ನಗು ಬೇರೆ ತಡೆಯಲಾಗದು, ಹಾಸಿಗೆಯಲ್ಲಿ ದಿಂಬಿಗೆ ಮುಖ ಒತ್ತಿ ನಕ್ಕಳು, ನಲವತ್ತಾರು ವರ್ಷದ ಹೆಂಗಸು.

ಬುಧವಾರ ಮಫ್ಲರು ಕಾಣುತ್ತಿಲ್ಲವೆಂದು ಐನೂರಾ ಎಪ್ಪತ್ತೊಂದು ಕೌಂಟರಿಗೆ ಹೇಳಿಕಳಿಸಿದಳು. ಅಲ್ಲಿಂದ ಶುರುವಾಯಿತು ಹುಡುಕಾಟ. ಮಡಿಸುವ ಹುಡುಗಿ ಎಲ್ಲ ಗೂಡುಗಳನ್ನೂ ಖಾಲಿ ಮಾಡಿ ಮತ್ತೆ ತುಂಬಿದಳು; ಕೆಳಸಾಲಿನ ಗೂಡಿಗೆ ಬಗ್ಗಲಾಗದೆ ಮಂಡಿಯೂರಿ, ಏಳಲಾಗದೆ ಮೇಜಿನ ಕಾಲು ಹಿಡಿದು. "ನನ್ನ ತಲೆನೇ ಸರಿ ಇಲ್ಲಕ್ಕ ಈಗೀಗ. ಬೆಳಗ್ಗೆ ಬಾಗಿಲು ಹಾಕಿದ್ನೋ ಇಲ್ವೋ ಗೊತ್ತಿರಲ್ಲ. ನಾನೇ ಎಲ್ಲೋ ಹಾಕಿರ್ತೀನಿ," ಎಂದು ಕಣ್ಣೊರೆಸಿಕೊಂಡಳು. ಆಗ ಹೇಳಬಹುದಿತ್ತು. ಒಂದು ಮಾತು. ಶಾಯಕ್ಕ ನಾಲಿಗೆ ತುದಿಗೆ ಬಂದದ್ದನ್ನು ನುಂಗಿ ತಾನೂ ಹುಡುಕುವವಳ ಹಾಗೆ ಒಂದೆರಡು ಗೂಡಿಗೆ ಕೈ ಹಾಕಿದಳು. ಇನ್ನೊಂದು ದಿನ ಕಾದರೆ ಮುನ್ನೂರಾ ಎಂಟು ಅದನ್ನು ತರುತ್ತಾನೆ, ಇವಳು ಬರುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂಬ ಆಸೆ. ಗುರುವಾರ ಹೋಯಿತು, ಶುಕ್ರವಾರ ಹೋಯಿತು. ತಾನು ಇಷ್ಟು ನೀಚಳಾಗಬಲ್ಲೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹುಡುಗಿ ಮಂಡಿಯೂರಿದಾಗಲೆಲ್ಲ ಮುಖ ತಿರುಗಿಸಿ ಕಾಲರಿನ ಮೇಲೆ ಬಗ್ಗುತ್ತಿದ್ದಳು. ಮರುಗಳಿಗೆಯೇ, ಈಗ ಅವನು ಮಫ್ಲರನ್ನು ಬಿಡಿಸಿ ನೋಡುತ್ತಿರಬಹುದು ಎಂದು ನೆನೆದು ಮೈ ಜುಮ್ಮೆನ್ನುತ್ತಿತ್ತು.

ಇವತ್ತು ಬೆಳಗ್ಗೆ ಮುನ್ನೂರಾ ಎಂಟು ಫೋನು ಮಾಡಿದ, ತನ್ನದಲ್ಲದ ಮಫ್ಲರು ತನ್ನ ಗಂಟಿನಲ್ಲಿತ್ತು, ತಂದುಕೊಡುತ್ತೇನೆ ಎಂದು. ಯಜಮಾನರು ಕಿಂಡಿಯಿಂದ ವಿಷಯ ಹೇಳಿ, ಹುಡುಗಿಯ ಕಡೆ ನೋಡಿದರು.

"ಗಂಟು ಕಟ್ಟಿದ್ದು ನೀನೇ ತಾನೆ?"

"ಹೌದು."

"ನಮ್ಮಪ್ಪನ ಕಾಲದ ಮಾತು ಗೊತ್ತಲ್ಲ? ಹೇಗೂ ನಾಳೆಯಿಂದ ಬರಲ್ಲ ನೀನು. ಆರಾಮಾಗಿ ಹೆರಿಗೆ ಮುಗಿಸ್ಕೊ. ವಾಪಸ್ ಬರೋ ವಿಷಯ... ಆಮೇಲೆ ನೋಡೋಣ."

ಆ "ನೋಡೋಣ" ಎಂದರೇನೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಿಂಡಿಯ ಹಲಗೆ ಮುಚ್ಚಿಕೊಂಡಿತು. ಹುಡುಗಿ ಅಳಲಿಲ್ಲ. ಕೈಯಲ್ಲಿದ್ದ ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಡಿಸಿ, ಮತ್ತೆ ಮಡಿಸಿದಳು. ಆಮೇಲೆ ಶಾಯಕ್ಕನ ಕಡೆ ತಿರುಗಿದವಳ ಕಣ್ಣಲ್ಲಿ, ದೇವರೇ, ಹೊಳಪಿತ್ತು. "ಹೋಗ್ಲಿ ಬಿಡಕ್ಕ. ನನ್ನ ತಪ್ಪಿಂದಾನೇ ಅವರಿಬ್ರೂ ಎದುರುಬದುರಾಗ್ತಾರಲ್ಲ! ಎಂಥಾ ಮಜ ನೋಡು!" ಎಂದಳು. ಶಾಯಕ್ಕನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ಅದೇ ಹೊತ್ತಿಗೆ ಗಡಿಯಾರದ ಮುಳ್ಳು ಯಾಕಿಷ್ಟು ನಿಧಾನ ಎಂದೂ ಅನ್ನಿಸಿತು, ಎರಡೂ ಒಟ್ಟಿಗೆ.

ಹನ್ನೊಂದೂಕಾಲಿಗೆ ಕೆಲಸ ನಿಂತೇಹೋಯಿತು. ಕಿಂಡಿಯ ಹಲಗೆಯಲ್ಲಿ ಒಂದು ಬಿರುಕಿದೆ, ಒಂದು ಕಣ್ಣಿಗೆ ಸಾಕಾಗುವಷ್ಟು. ಹತ್ತೊಂಬತ್ತು ವರ್ಷದಲ್ಲಿ ಶಾಯಕ್ಕ ಅಲ್ಲಿ ಕಣ್ಣಿಟ್ಟವಳಲ್ಲ. ಕಂಡುಬಿಟ್ಟರೆ ಕಥೆ ಹೇಳುವುದು ಹೇಗೆ? ಇವತ್ತು ಎಲ್ಲರಿಗಿಂತ ಮೊದಲು ಅವಳೇ ಹೋಗಿ ಅಂಟಿಕೊಂಡಳು. ಬೆನ್ನ ಹಿಂದೆ ಹುಡುಗಿ, ಹುಡುಗಿಯ ಹಿಂದೆ ಬಿಸಿ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಕೂರಿಸಿ ಬಂದ ಇಸ್ತ್ರಿ ಮಾಮ.

"ಬಂದ್ರಾ? ಯಾರು ಬಂದ್ರು?"

"ಶ್! ಯಾರೂ ಇಲ್ಲ."

ಬೀದಿಯ ಬೆಳಕು ಕೌಂಟರಿನ ಗಾಜಿನ ಮೇಲೆ ಬಿದ್ದಿತ್ತು. ಬಾಗಿಲು ತಳ್ಳಿಕೊಂಡು ಒಬ್ಬಳು ಬಸ್ ಕಂಡಕ್ಟರ್ ಒಳಗೆ ಬಂದಳು, ಐವತ್ತರ ಆಸುಪಾಸಿನ ದುಂಡನೆಯ ಹೆಂಗಸು, ಎಡ ಭುಜದಿಂದ ಇಳಿಬಿಟ್ಟ ದಪ್ಪ ಚರ್ಮದ ಚೀಲ. ಬಂದವಳು ಸರಿಯಾಗಿ ಬಿರುಕಿಗೆ ಅಡ್ಡವಾಗಿ ನಿಂತುಬಿಡಬೇಕೇ! ಶಾಯಕ್ಕ ಹಲ್ಲು ಕಚ್ಚಿದಳು. ಇದೊಂದು ಶನಿ ಇದೇ ಹೊತ್ತಿಗೆ ವಕ್ಕರಿಸಬೇಕಾಗಿತ್ತೇ, ಬೇಗ ಬಟ್ಟೆ ಕೊಟ್ಟು ತೊಲಗಬಾರದೇ ಎಂದು ಶಪಿಸಿದಳು. ಶಾಪ ಮುಗಿಯುವ ಮುಂಚೆ ಆ ಹೆಂಗಸು ಬಸ್ಸಿನ ಕೊನೆಯ ಸೀಟಿಗೂ ಕೇಳುವ ಗಂಟಲಲ್ಲಿ, "ನನ್ನ ಮಫ್ಲರ್ ಸಿಕ್ತಂತಲ್ಲ ಸಾರ್!" ಎಂದಳು.

ಶಾಯಕ್ಕನ ಹಣೆ ಹಲಗೆಗೆ ತಗುಲಿ ಟಕ್ಕೆಂದಿತು. ಚರ್ಮದ ಚೀಲದ ಪಟ್ಟಿ, ಎಡ ಭುಜ. ಹಿಡಿಯಷ್ಟು ಟಿಕೆಟ್ಟು. ತಂತಿಯೂ ಇಲ್ಲ, ವಾದ್ಯವೂ ಇಲ್ಲ! ಯೂನಿಫಾರ್ಮನ್ನು ಡಿಪೋದವರೇ ಒಗೆಸಿಕೊಡುತ್ತಾರೆ, ಅದೊಂದು ಗಂಟಿಗೆ ಬಂದಿದ್ದರೆ ಮೊದಲ ದಿನವೇ ಗೊತ್ತಾಗಿರುತ್ತಿತ್ತು. ನಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು, ಜತೆಗೆ ಅವಮಾನವೂ ಬಂತು. ಎರಡು ವರ್ಷ ಇಬ್ಬರನ್ನು ಕೂರಿಸಿಕೊಂಡು ಎಂಥ ಬುರುಡೆ ಬಿಟ್ಟೆ ತಾನು! "ಏನಾಯ್ತಕ್ಕ? ಯಾರದು?" ಎಂದು ಹುಡುಗಿ ಬೆನ್ನು ತಿವಿದಳು. ಉತ್ತರ ಕೊಡುವ ಮುಂಚೆ ಬಾಗಿಲು ಮತ್ತೆ ತೆರೆಯಿತು, ಕಂಡಕ್ಟರ್ ಬಿರುಕು ಬಿಟ್ಟು ಪಕ್ಕಕ್ಕೆ ಸರಿದಳು. ಎತ್ತರದ ಆಳು, ತುಸು ಗೂನು. ಅಷ್ಟು ಸರಿ! ಅಷ್ಟನ್ನಾದರೂ ಸರಿಯಾಗಿ ಹೇಳಿದ್ದೆ! ಎದೆ ಬಾಯಿಗೆ ಬಂದವಳು ಮತ್ತೆ ನೋಡಿದರೆ ಅವನ ಕೊರಳಿಗೆ ಅಳತೆಯ ಟೇಪು ನೇತಾಡುತ್ತಿತ್ತು. ಮೇಷ್ಟ್ರಲ್ಲ, ದರ್ಜಿ. ಸೀಮೆಸುಣ್ಣ ಬಟ್ಟೆಯ ಮೇಲೆ ಗೆರೆ ಎಳೆಯುವುದಕ್ಕೆ, ಗುಂಡುಸೂಜಿ ಕೆಲಸದ ಸೂಜಿ. ಗುಂಡಿ ಹೊಲಿಯಲು ದಿಕ್ಕಿಲ್ಲದವನೆಂದು ಮೂರು ಜನ ಮೂಗೆಳೆದುಕೊಂಡದ್ದು ಊರಿಗೆಲ್ಲ ಗುಂಡಿ ಹೊಲಿದುಕೊಡುವವನಿಗಾಗಿ.

ಅವನು ಕಾಗದದ ಪೊಟ್ಟಣವನ್ನು ಎಡಗೈಯಿಂದ ಕೌಂಟರಿನ ಮೇಲಿಟ್ಟ. "ಕ್ಷಮಿಸಬೇಕು, ಮಂಗಳವಾರವೇ ನೋಡಿದ್ದೆ. ಅಂಚಲ್ಲಿ ಒಂದು ಹೆಣಿಗೆ ಬಿಟ್ಟಿತ್ತು. ಹಾಗೇ ಬಿಟ್ಟಿದ್ರೆ ಪೂರ್ತಿ ಬಿಚ್ಕೊಂಡು ಹೋಗ್ತಿತ್ತು. ಅದೇ ನೀಲಿ ಉಣ್ಣೆ ಬೇಕಲ್ಲ, ಮೂರು ಅಂಗಡಿ ಸುತ್ತಬೇಕಾಯ್ತು," ಎಂದ. ದನಿ ಮೆಲ್ಲಗಿತ್ತು. ಕಂಡಕ್ಟರ್ ಮಫ್ಲರನ್ನು ಎತ್ತಿ ಬೆಳಕಿಗೆ ಹಿಡಿದು ಅಂಚು ಹುಡುಕಿದಳು, ಸಿಗಲಿಲ್ಲ, ಹಾಗೆ ಹೊಂದಿಸಿದ್ದ. ಆಮೇಲೆ ಅವನ ಮುಖ ನೋಡಿ, "ಅಯ್ಯೋ! ನೀವಾ! ಕೊನೇ ಸ್ಟಾಪು!" ಎಂದು ಕೂಗಿದಳು.

ಅವನೂ ನಕ್ಕ. "ಓ, ನೀವಾ ಮೇಡಂ. ಯಾರದ್ದೋ ಅಂದ್ಕೊಂಡಿದ್ದೆ."

"ಅಲ್ಲಾ, ದಿನಾ ಎರಡು ಸಲ ಟಿಕೆಟ್ ಕೊಡ್ತೀನಿ, ಏಳು ವರ್ಷದಿಂದ! ಒಂದಿನ ಬಾಯಿ ಬಿಟ್ಟಿದ್ದೀರಾ? ಕೊನೇ ಸ್ಟಾಪು ಅನ್ನೋದು ಬಿಟ್ಟು?"

ಏಳು ವರ್ಷ. ದಿನಕ್ಕೆರಡು ಸಲ. ಶಾಯಕ್ಕ ಒಬ್ಬರಿಗೊಬ್ಬರು ಕಾಣದಂತೆ ಕಾದಿಟ್ಟ ಇಬ್ಬರು ಬೆಳಗ್ಗೆ ಸಂಜೆ ಕೈಗೆ ಕೈ ತಗಲಿಸಿಕೊಂಡು ಟಿಕೆಟ್ ಕೊಟ್ಟು ತೆಗೆದುಕೊಂಡಿದ್ದರು. ಅವಳು ಕಂಡದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಹುಡುಗಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕುಣಿಯುತ್ತಿದ್ದಳು, ಮಾಮ "ಕುಣೀಬೇಡ್ವೇ, ಹೊಟ್ಟೆ!" ಎಂದು ಹಿಡಿದು ನಿಲ್ಲಿಸುತ್ತಿದ್ದ. ಅಷ್ಟರಲ್ಲಿ ಕಿಂಡಿಯ ಹಲಗೆ ಸರಕ್ಕನೆ ಸರಿಯಿತು. ಮೂವರೂ ಹಿಂದಕ್ಕೆ ನೆಗೆದರು.

"ಏ ಹುಡುಗಿ, ಇಲ್ಲಿ ಬಾ," ಎಂದರು ಯಜಮಾನರು. "ಇಬ್ರು ಗಿರಾಕಿಗಳೂ ಇದ್ದಾರೆ. ಅಲ್ಲಿಂದಲೇ ಕ್ಷಮೆ ಕೇಳು."

ಹುಡುಗಿಯ ನಗು ಹಾಗೇ ಮುಖದ ಮೇಲೆ ನಿಂತುಬಿಟ್ಟಿತು, ತೆಗೆಯಲು ಮರೆತವರ ಹಾಗೆ. ಒಂದು ಕೈ ಸೊಂಟಕ್ಕೆ ಕೊಟ್ಟು ಕಿಂಡಿಯ ಹತ್ತಿರ ಹೋದಳು. ಕಿಂಡಿ ತುಸು ತಗ್ಗಿನಲ್ಲಿದೆ, ಮುಖ ಕಾಣಬೇಕಾದರೆ ಬಗ್ಗಬೇಕು. ಅವಳು ಬಗ್ಗಿದಳು. ಮೂರು ದಿನದಿಂದ ಅವಳು ಬಗ್ಗಿದ ಎಲ್ಲ ಸಲಗಳೂ ಶಾಯಕ್ಕನ ಕಣ್ಣ ಮುಂದೆ ಒಟ್ಟಿಗೆ ಬಂದವು. "ತಪ್ಪಾಯ್ತು, ನಾನು..." ಎಂದು ಹುಡುಗಿ ಶುರು ಮಾಡಿದ್ದಳು. ಶಾಯಕ್ಕ ಗಿಡ್ಡ ಬಾಗಿಲಿನ ಚಿಲಕಕ್ಕೆ ಕೈ ಹಾಕಿದಳು. ವರ್ಷಗಟ್ಟಲೆ ತೆಗೆಯದ ಚಿಲಕ, ತುಕ್ಕು ಹಿಡಿದು ಕೂತಿತ್ತು. ಮಾಮ ಮಾತಾಡದೆ ಬಂದು ಅಂಗೈಯಿಂದ ಒಂದು ಗುದ್ದು ಗುದ್ದಿದ. ತಲೆ ತಗ್ಗಿಸಿ, ಆಚೆ ಬಂದು, ನೆಟ್ಟಗಾದಾಗ ಮೊದಲು ಕಣ್ಣಿಗೆ ಬಿದ್ದದ್ದು ಬೀದಿ. ಎಷ್ಟು ಬೆಳಕು!

"ಅವಳಲ್ಲ. ನಾನು ಹಾಕಿದ್ದು," ಎಂದಳು. "ತಪ್ಪಿ ಹಾಕಿದ್ದಲ್ಲ, ಬೇಕಂತಲೇ ಹಾಕ್ದೆ."

ಯಜಮಾನರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಾತಿಗಿಂತ ಹೆಚ್ಚು, ಅವಳು ಅಲ್ಲಿ ನಿಂತಿರುವುದೇ ಅವರಿಗೆ ಅರಗುತ್ತಿರಲಿಲ್ಲ. "ಬೇಕಂತ ಯಾಕೆ ಹಾಕ್ತೀರಿ ನೀವು?"

"ಮುನ್ನೂರಾ ಎಂಟಕ್ಕೂ ಐನೂರಾ ಎಪ್ಪತ್ತೊಂದಕ್ಕೂ ಭೇಟಿ ಮಾಡಿಸೋಣ ಅಂತ."

ಕಂಡಕ್ಟರ್ ಹಿಂದೆ ತಿರುಗಿ ನೋಡಿದಳು, ಇನ್ಯಾರಾದರೂ ಬಂದರೇನೋ ಎಂದು. "ಯಾರಮ್ಮಾ ಅವರು?"

"ನೀವು," ಎಂದಳು ಶಾಯಕ್ಕ. "ನೀವಿಬ್ರೂ."

ಆಮೇಲೆ ಎಲ್ಲವನ್ನೂ ಹೇಳಿದಳು, ಒಂದೇ ಉಸಿರಿಗೆ. ಸೀಮೆಸುಣ್ಣ, ಗುಂಡುಸೂಜಿ, ತಂತಿವಾದ್ಯ, ಬಸ್ಸಿನ ಆ ತುದಿ ಈ ತುದಿ, ಊಟದ ಅರ್ಧ ಗಂಟೆ. ಹೇಳುತ್ತ ಹೇಳುತ್ತ ಕಿವಿ ಸುಡುತ್ತಿತ್ತು. ನಡುವೆ ಯಜಮಾನರು "ಸಾಕು ಸಾಕು" ಎಂದರು, ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತಪ್ಪು ಮತ್ತೆ ಆ ಹುಡುಗಿಯ ಮೇಲೆಯೇ ಹೋಗಿ ಕೂರುತ್ತದೆ. ಮುಗಿದಾಗ ಮೊದಲು ನಗು ಸಿಡಿದದ್ದು ಕಂಡಕ್ಟರಿನದು. "ಹುಡುಕ್ತೀನಮ್ಮಾ, ದಿನಾ ಹುಡುಕ್ತೀನಿ! ಟಿಕೆಟ್ ತಗೊಳ್ದೆ ಕೂತವರನ್ನ!" ಎಂದು ಕೌಂಟರ್ ಬಡಿದು ಬಡಿದು ನಕ್ಕಳು. ದರ್ಜಿ ಮಾತ್ರ ನಗಲಿಲ್ಲ. ಅವನು ತನ್ನ ಅಂಗಿಯ ಕಾಲರನ್ನು ಬೆರಳಿನಿಂದ ಹೊರಳಿಸಿ, ಶಾಯಕ್ಕನ ಕಪ್ಪು ಬೆರಳನ್ನು ನೋಡುತ್ತಿದ್ದ.

"ಇದನ್ನ ಬರೆಯೋ ಕೈ ನಿಮ್ಮದಾ?" ಎಂದು ಕೇಳಿದ. "ಎಂಟನ್ನ ಎರಡು ಸುತ್ತಲ್ಲಿ ಬರೀತೀರಿ. ಸೇರಿಸಿದ ಜಾಗ ಕಾಣಲ್ಲ. ನಾನು ಎಷ್ಟೋ ಸಲ ನೋಡಿದೀನಿ, ಯಾರಿರಬಹುದು ಅಂತ. ಕತ್ತಿಗೆ ಚುಚ್ಚೋದೂ ಇಲ್ಲ."

ಶಾಯಕ್ಕ ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಹತ್ತೊಂಬತ್ತು ವರ್ಷ ಅವಳು ಗಿರಾಕಿಗಳನ್ನು ಓದಿದ್ದಳು. ಅಲ್ಲೊಬ್ಬರು ಅವಳ ಕೈಬರಹವನ್ನು ಕತ್ತಿನಲ್ಲಿಟ್ಟುಕೊಂಡು ಓದುತ್ತಿದ್ದರು ಎಂದರೆ! ಕಂಡಕ್ಟರ್ ಗಡಿಯಾರ ನೋಡಿ ಮಫ್ಲರು ಸುತ್ತಿಕೊಂಡಳು. "ಹನ್ನೆರಡೂಕಾಲಿನ ಟ್ರಿಪ್ ನಂದೇ. ಬರ್ತೀರಾ ಕೊನೇ ಸ್ಟಾಪು?" ಎಂದಳು. "ಬರಲೇಬೇಕಲ್ಲ," ಎಂದ ದರ್ಜಿ. ಬಾಗಿಲು ದಾಟುವಾಗ ಅವಳು ಯಜಮಾನರತ್ತ ತಿರುಗಿ, "ಆ ಬಸುರಿ ಹುಡುಗಿ ಮೇಲೆ ರೇಗಬೇಡಿ ಸಾರ್, ಕಾಣೆಯಾದದ್ದಕ್ಕಿಂತ ಚೆನ್ನಾಗೇ ವಾಪಸ್ ಬಂದಿದೆ ನನ್ನ ಮಫ್ಲರ್," ಎಂದು ಕೂಗಿ ಹೋದಳು.

ಅವರು ಹೋದಮೇಲೆ ಯಜಮಾನರು ಬಹಳ ಹೊತ್ತು ಪುಸ್ತಕದ ಹಾಳೆ ತಿರುವಿದರು. ಒಳ್ಳೆಯ ಮನುಷ್ಯ, ಕಟ್ಟಳೆ ಮಾತ್ರ ಅಪ್ಪನದು. "ಹುಡುಗಿಯ ಜಾಗ ಹುಡುಗಿಗೇ ಇರುತ್ತೆ, ಮಗು ಎತ್ಕೊಂಡೇ ಬರಲಿ," ಎಂದರು ಕೊನೆಗೆ. "ಆದ್ರೆ ನಿಮ್ಮನ್ನ ಆ ಮೇಜಿನ ಹತ್ರ ಇನ್ನು ಕೂರಿಸೋಕಾಗಲ್ಲ ಅಕ್ಕಾ. ಗಿರಾಕಿಗಳ ಜೇಬು ನೋಡೋ ಕೆಲಸ ಅದು. ಸೋಮವಾರದಿಂದ ಬೇರೆಯವರು ಬರ್ತಾರೆ. ನೀವು ಮಡಿಸಿ. ಅವಳು ಬಂದ್ಮೇಲೂ ಇಬ್ರೂ ಮಡಿಸಿ."

ಗಿಡ್ಡ ಬಾಗಿಲಲ್ಲಿ ಮತ್ತೆ ತಲೆ ತಗ್ಗಿಸುವಾಗ ಅವಳಿಗೆ ಅದರ ಅರ್ಥ ಪೂರ್ತಿ ಇಳಿಯಿತು. ಮಡಿಸುವವರ ಕೈಗೆ ಬರುವುದು ಒಗೆದ ಬಟ್ಟೆ. ಕಲೆಯಿಲ್ಲ, ವಾಸನೆಯಿಲ್ಲ, ಜೇಬಿನಲ್ಲಿ ಚೀಟಿಯಿಲ್ಲ. ಸ್ವಚ್ಛ ಬಟ್ಟೆ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ನೂರಾ ಹದಿನಾಲ್ಕರ ಮಗು ಅನ್ನ ತಿನ್ನಲು ಶುರು ಮಾಡಿದ್ದು ಇನ್ನು ಅವಳಿಗೆ ಗೊತ್ತಾಗುವುದಿಲ್ಲ. ಮೇಜಿನ ಮೇಲೆ ನಿಬ್ಬಿನ ತುದಿಯಲ್ಲಿ ಶಾಯಿ ಒಣಗಿತ್ತು. ಒರೆಸಿಟ್ಟಳು. ಮಸಿಯುಂಡೆ ಬಿದ್ದ ಆರನ್ನು ಎಷ್ಟು ಸಾಧ್ಯವೋ ಅಷ್ಟು ತಿದ್ದಿದಳು. ಹುಡುಗಿಗೆ ಕ್ಷಮಿಸು ಎನ್ನಬೇಕೆಂದು ತಿರುಗಿದರೆ ಹುಡುಗಿ ಬಂದು ಅವಳ ಕಪ್ಪು ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಮೂರು ದಿನ ಮಂಡಿ ಊರಿಸಿದೆಯಲ್ಲೇ ನನ್ನನ್ನ, ಪಾಪಿ," ಎಂದಳು. ಅತ್ತಳು, ಜೊತೆಗೇ ನಕ್ಕಳು. ಶಾಯಕ್ಕನೂ ಅತ್ತಳು. ಮಾಮ ಯಾವುದೋ ಅಂಗಿಗೆ ಎರಡನೇ ಸಲ ಇಸ್ತ್ರಿ ಹಾಕಿದ.

ಒಂದು ಗಂಟೆಗೆ ಡಬ್ಬಿಗಳು ತೆರೆದವು. ಹಬೆ ಕಿಟಕಿಯ ಗಾಜಿನ ಮೇಲೆ ಹನಿಗಟ್ಟಿತ್ತು. ರೂಢಿಯ ಮೌನ ಬಂತು, ಅವಳಿಗಾಗಿ ಖಾಲಿ ಬಿಡುವ ಮೌನ, ಮತ್ತು ಅವಳು ಮೊದಲ ಬಾರಿಗೆ ಕೈ ಚೆಲ್ಲಿ ಕೂತಳು. "ಇವತ್ತು ನನ್ನ ಹತ್ರ ಏನೂ ಇಲ್ಲ," ಎಂದಳು. "ಇನ್ನು ಮೇಲೂ ಇರಲ್ಲ."

ಮಾಮನೂ ಹುಡುಗಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕದ್ದು ಸಿಕ್ಕಿಬಿದ್ದ ಮಕ್ಕಳ ಹಾಗೆ. "ಹೇಳಿಬಿಡೋಣ್ವಾ ಮಾಮ?" ಎಂದಳು ಹುಡುಗಿ.

"ಹೇಳು, ಹೇಳು. ಇನ್ನೇನು ಉಳಿದಿದೆ."

"ನಮ್ಮ ಹತ್ರ ಒಂದಿದೆ ಅಕ್ಕ. ಬೈಬಾರದು. ಸಂಜೆ ಬಸ್ ಸ್ಟಾಪಿಗೆ ನಡೆಯೋವಾಗ ನಾನೂ ಮಾಮನೂ ಹೇಳ್ಕೊಳ್ಳೋದು. ಎರಡು ವರ್ಷದಿಂದ. ಸೊನ್ನೆ ಕಥೆ."

"ಸೊನ್ನೆ? ಸೊನ್ನೆ ಅಂತ ನಂಬರೇ ಇಲ್ಲ ನಮ್ಮಲ್ಲಿ."

"ಗಿರಾಕಿಗಳು ಒಂದರಿಂದ ಶುರು ಆಗ್ತಾರೆ," ಎಂದ ಮಾಮ, ತುತ್ತು ಕೆಳಗಿಟ್ಟು. "ಅವರೆಲ್ಲರಿಗಿಂತ ಮುಂಚೆ ಒಬ್ಬಳಿದ್ದಾಳಲ್ಲ ಇಲ್ಲಿ. ಅವಳಿಗೆ ನಂಬರ್ ಹಾಕೋರು ಯಾರೂ ಇರಲಿಲ್ಲ. ನಾವೇ ಹಾಕಿದ್ವಿ. ಸೊನ್ನೆಗೆ ಬೆರಳು ಕಪ್ಪು. ಊರವರ ಕಥೆಯೆಲ್ಲ ಹೇಳ್ತಾಳೆ, ಒಂದು ಕಾಲರ್ ತಿದ್ದುವಾಗ ಮಾತ್ರ ಮಾತು ನಿಲ್ಲಿಸ್ತಾಳೆ, ನಿಬ್ಬನ್ನ ಗರಿ ಹಿಡಿದ ಹಾಗೆ ಹಿಡೀತಾಳೆ."

ಶಾಯಕ್ಕನ ಮುಖಕ್ಕೆ ನೆತ್ತರು ನುಗ್ಗಿತು. ಎದ್ದು ಹಿತ್ತಲಿಗೆ ಓಡಬೇಕು ಎನ್ನಿಸಿತು. ಇಬ್ಬರೂ ಎಲ್ಲ ನೋಡಿದ್ದರು, ಅವಳು ತಾನೇ ನೋಡಿಕೊಳ್ಳದೆ ಬಿಟ್ಟದ್ದನ್ನೂ ನೋಡಿದ್ದರು. ಆ ಎರಡು ದಿನ ಅವಳು ಜ್ವರದಲ್ಲಿ ಮನೆಯಲ್ಲಿ ಮಲಗಿದ್ದಾಗ, ಅವಳಿಗೇನಾಯಿತೆಂದು ಸಂಜೆ ಬೀದಿಯಲ್ಲಿ ನಡೆಯುತ್ತ ಯಾರೋ ಯೋಚಿಸಿದ್ದರು. ಓಡಲಿಲ್ಲ. ಕಾಲು ಮೇಜಿನ ಕೆಳಗೆ ಮತ್ತೆ ತಾಳ ಹಾಕತೊಡಗಿತು, ಬೆಳಗ್ಗಿನಂತೆಯೇ.

"ಇವತ್ತಿನ ದಿನ ಸೊನ್ನೆ ಏನು ಮಾಡಿದಳು ಗೊತ್ತಾ?" ಎಂದು ಮಾಮ ದನಿ ತಗ್ಗಿಸಿದ. "ಚಿಲಕ ತೆಗೆದು ಆಚೆ ಹೋಗೇಬಿಟ್ಟಳು. ಆಚೆ ಒಬ್ಬ ಆಳು ನಿಂತಿದ್ದ, ಎತ್ತರ, ಟೇಪು ಹಾಕ್ಕೊಂಡು. ಅವಳ ಬೆರಳು ನೋಡಿದ. ಬಸ್ಸೇನೋ ಹತ್ತಿ ಹೋದ. ಆದ್ರೆ ಮುಂದಿನ ಶನಿವಾರ ಗಂಟು ತಗೊಂಡು ಬರ್ತಾನಲ್ಲ..."

ಅಲ್ಲಿಗೆ ನಿಲ್ಲಿಸಿ ಮಾಮ ಬೇಕೆಂದೇ ನೀರಿನ ಲೋಟ ಎತ್ತಿಕೊಂಡು ನಿಧಾನವಾಗಿ ಕುಡಿಯತೊಡಗಿದ. ಶಾಯಕ್ಕನ ತುತ್ತು ಕೈಯಲ್ಲೇ ಇತ್ತು.

"ಆಮೇಲೆ?" ಎಂದಳು.